ಎರಡನೇ ಶಿಖರ

ಮಾರ್ಚ್ 3, ಬೆಳಿಗ್ಗೆ 10
ಮತ್ತೆ ಅದೇ ಗ್ರಾಫು. ನಮ್ಮ ಲ್ಯಾಬಿನ ಪುಡಿ ಎಕ್ಸ್-ರೇಯನ್ನು ಎಷ್ಟು ಹೀರುತ್ತದೆ — ನನ್ನ ಲೆಕ್ಕ ಅದನ್ನು ಹೇಳುವುದು ಸೂಜಿಯಂಥ ಗೆರೆಗಳಲ್ಲಿ. ಯಂತ್ರದ ಅಳತೆ ಯಾವಾಗಲೂ ಕೊಂಚ ಮಸುಕು. ಗೆರೆಗಳನ್ನೂ ಅಷ್ಟೇ ಅಗಲ ಮಾಡಿ ಹೋಲಿಸಬೇಕು. ಈ ಯಂತ್ರಕ್ಕೆ 0.6ರ ಅಗಲ ಸಾಕು. ಅಷ್ಟಿಟ್ಟರೆ ನನ್ನದರಲ್ಲಿ ಎರಡು ಶಿಖರ. ಅಳತೆಯಲ್ಲಿ ಒಂದೇ. ಗೈಡ್ ಮಾಡಿದ ಹಳೆಯ ಲೆಕ್ಕದಲ್ಲೂ ಒಂದೇ.

ಮಾರ್ಚ್ 5
ಗೈಡ್ ಬೆನ್ನ ಹಿಂದೆ ಬಂದು ನಿಂತರು. "ಅಗಲ ಜಾಸ್ತಿ ಮಾಡಮ್ಮ. ಅಳತೆ ಮೇಲೆ ಸರಿಯಾಗಿ ಕೂತ್ಕೊಳ್ಳುತ್ತೆ."
"1.8 ಇಟ್ರೆ ಮಾತ್ರ ಕೂರೋದು ಸರ್. ಕಾರಣ ಏನಂತ ಬರೀಲಿ?"
"ಕಾರಣ ಆಮೇಲೆ ಹುಡುಕೋಣ. ಥೀಸಿಸ್‌ಗೆ ಸೈನ್ ಬೇಕೋ ಬೇಡ್ವೋ?"
ಇಟ್ಟೆ. ಎರಡನೇ ಶಿಖರ ಕರಗಿಹೋಯಿತು. ಥೂ!

ಮಾರ್ಚ್ 6
ಅಕ್ಕನ ಫೋನು. "ಮುಗೀತೇನೇ ಗೆರೆ ಎಳೆಯೋದು? ಅಷ್ಟರಲ್ಲಿ ನನ್ನ ಮಗ ಹುಟ್ಟಿ ಸ್ಕೂಲಿಗೂ ಸೇರ್ದ!"
ನಕ್ಕೆ. ಫೋನಿಟ್ಟು ಮತ್ತೆ 1.8ರ ಗ್ರಾಫು ತೆರೆದೆ.

ಜೂನ್ 19
ಪೇಪರ್ ಪ್ರಕಟವಾಯಿತು. ಥೀಸಿಸ್‌ಗೆ ಸೈನೂ ಬಿತ್ತು. ಪೇಪರ್ ಪರಿಶೀಲಿಸಿದ ರೆಫರಿ ಬರೆದಿದ್ದ ಮಾತು — 'ಲೆಕ್ಕಕ್ಕೂ ಅಳತೆಗೂ ಅಪರೂಪದ ಹೊಂದಾಣಿಕೆ'. ನಾಚಿಕೆಗೇಡು.

ಜೂನ್ 27, ಮಧ್ಯಾಹ್ನ 3
ಕ್ಯಾಂಟೀನಿನಲ್ಲಿ ಸೋಡಾಬುಡ್ಡಿ ಸಿಕ್ಕಿದ. ಅಳತೆ ಮಾಡಿಕೊಟ್ಟವನು.
"ಅಚ್ಚು ಹಾಕಿದ ಹಾಗೆ ಕೂತಿದೆಯಲ್ರೀ ನಿಮ್ಮ ಗ್ರಾಫು!"
"ನಿಮ್ಮ ಮಷಿನ್ ಯಾಕ್ರೀ ಅಷ್ಟು ಮಸುಕು?"
"ಮಷಿನ್ನಾ? ಅದಕ್ಕೇನಾಗಿತ್ತು! ಪಕ್ಕದಲ್ಲಿ ಇನ್ನೊಂದು ಶಿಖರ ತಲೆ ಎತ್ತಿತ್ತು. ನಿಮ್ಮ ಗೈಡ್ ಲೆಕ್ಕದಲ್ಲಿ ಒಂದೇ ಇತ್ತಲ್ಲ... ಬರೀ ನಾಯ್ಸು, ಯಂತ್ರದ ಗದ್ದಲ ಅಂದ್ಕೊಂಡು ಸ್ಮೂತ್ ಮಾಡಿ ಅಳಿಸ್ಬಿಟ್ಟೆ."
ಅವನು ನಮ್ಮ ಲೆಕ್ಕ ನಂಬಿ ಅಳತೆ ತಿದ್ದಿದ. ನಾನು ಅವನ ಅಳತೆ ನಂಬಿ — ಇಲ್ಲ, ಸುಳ್ಳು. ನಂಬಿರಲಿಲ್ಲ. ಸೈನ್ ಬೇಕಿತ್ತು.

ಜೂನ್ 28
ತಿದ್ದದ ಫೈಲು ತರಿಸಿಕೊಂಡೆ. ನನ್ನ 0.6 ಅದರ ಮೇಲಿಟ್ಟೆ. ಎರಡೂ ಶಿಖರ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆರು ವರ್ಷದಲ್ಲಿ ನಾನು ಕಂಡ ಹೊಸದು ಅದೊಂದೇ. ಅದನ್ನೇ ಅಳಿಸಿದ್ದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಜೂನ್ 30, ಬೆಳಿಗ್ಗೆ 11
ಗೈಡ್‌ಗೆ ತೋರಿಸಿದೆ. ಎರಡೂ ಶಿಖರಗಳ ಮೇಲೆ ಬೆರಳಿಟ್ಟು ನೋಡಿದರು.
"ಚೆನ್ನಾಗಿದೆ! ಹೊಸ ಸ್ಟೂಡೆಂಟ್ ಸೇರಿದಳಲ್ಲ, ಅವಳಿಗೆ ಕೊಡು. ಇನ್ನೊಂದು ಪೇಪರ್ ಆಗುತ್ತೆ. ಹಳೇದ್ರಲ್ಲಿ ತಪ್ಪಾಗಿತ್ತು ಅಂತ ಒಂದು ಸಾಲು ಹಾಕೋಣ. ಆ ತಪ್ಪು ಮಾಡಿದ್ದು ನೀನೇ ಅಲ್ವಾ?"
ಹೌದು. ನಾನೇ.

ಅದೇ ದಿನ, 4 ಗಂಟೆ
ಪೇಪರ್ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಲು ಕೂತೆ. ಪೇಪರ್ ವಾಪಸಾದರೆ ಥೀಸಿಸ್ಸೂ ಹೋಯಿತು. ಹೋಗಲಿ. ಮೊದಲ ಸಾಲು ಮೂರು ಸಲ ಬರೆದು ಅಳಿಸಿದೆ. ಇಲ್ಲಿ ಬರೆದು ನೋಡುತ್ತೇನೆ:
ಮಾನ್ಯರೇ, 1.8 ಇಟ್ಟವಳು ನಾನು. ಅದಕ್ಕೆ ಕಾರಣ —