ಒಂಬತ್ತನೆಯ ಪುಟ

ಜೂನ್ 14, ಭಾನುವಾರ

ಪ್ರೀತಿಯ ಟಕಟಕಿಗೆ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಊಟದ ಮೇಜು, ಕಿಟಕಿಯ ಚೌಕಟ್ಟು, ಬಸ್ಸಿನಲ್ಲಿ ನನ್ನ ಮೊಣಕಾಲು, ಎಲ್ಲೆಂದರಲ್ಲಿ ಬೆರಳು ಕುಟ್ಟುತ್ತಿದ್ದವಳನ್ನು ಇನ್ನೇನೆಂದು ಕರೆಯಲಿ? ಹೆಸರು ಹಿಡಿದು ಬರೆದರೆ ನೋಟೀಸು ಕಳಿಸಿದ ಹಾಗಿರುತ್ತದೆ.

ನಿನ್ನ ಪತ್ರ ಬಂದು ಹದಿನೆಂಟು ದಿನ ಆಯಿತು. ಹನ್ನೊಂದು ವರ್ಷದ ಮೇಲೆ ನಿನ್ನ ಅಕ್ಷರ ಕಂಡೆ. ಓದಿ ಓದಿ ಈಗ ಬಾಯಿಪಾಠವಾಗಿದೆ. ‘ಅವತ್ತು ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ಇಷ್ಟು ವರ್ಷ ನನ್ನನ್ನು ನಾನೇ ಸುಟ್ಟುಕೊಂಡಿದ್ದೇನೆ. ಕ್ಷಮಿಸಿದ್ದೀರಿ ಎಂದಾದರೆ ಒಂದು ಸಾಲು ಬರೆಯಿರಿ, ಜೂನ್ ಕೊನೆಗೆ ಮನೆಗೆ ಬಂದುಬಿಡುತ್ತೇನೆ.’ ಒಂದು ಸಾಲಿಗೆ ಹದಿನೆಂಟು ದಿನ ಬೇಕೇ ಎಂದು ಅಲ್ಲಿ ಕೂತು ಸಿಡಿಮಿಡಿಗುಟ್ಟುತ್ತಿರುತ್ತೀಯ. ಆರು ಹಾಳೆ ಹರಿದು ಬಿಸಾಡಿದ್ದೇನೆ ಕಣೇ. ಬೈಂಡಿಂಗ್ ಕಸುಬಿನವನು ಇಷ್ಟು ಕಾಗದ ದಂಡ ಮಾಡಿದ್ದು ಇದೇ ಮೊದಲು.

ಮನೆ ಹೇಗಿತ್ತೋ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಕತ್ತರಿಸುವ ಯಂತ್ರ, ಗೋಂದಿನ ಬಕೆಟ್ಟು, ರಟ್ಟಿನ ರಾಶಿ. ಒಳಗೆ ನಿನ್ನ ಪಿಯಾನೊ. ಅದರ ಮೇಲೆ ಈ ಹನ್ನೊಂದು ವರ್ಷದಲ್ಲಿ ಒಂದು ಹಾಳೆಯನ್ನೂ ಇಟ್ಟಿಲ್ಲ. ವರ್ಷಕ್ಕೊಮ್ಮೆ ಶ್ರುತಿ ಮಾಡುವವರನ್ನು ಕರೆಸುತ್ತೇನೆ. ಅವರು ಪ್ರತಿ ಸಲ ಯಾರು ನುಡಿಸುತ್ತಾರೆ ಎಂದು ಕೇಳುತ್ತಾರೆ, ನಾನು ಪ್ರತಿ ಸಲ ಟೀ ತರಲು ಒಳಗೆ ಹೋಗುತ್ತೇನೆ.

ಈಗ ನೀನು ನಗುವ ಸುದ್ದಿ. ನೀನು ಪಿಯಾನೊದಲ್ಲಿ ಬಾರಿಸುತ್ತಿದ್ದ ಆ ಉದ್ದನೆಯ ಕೃತಿ, ಸೊನಾಟಾ, ಅದನ್ನು ನಾನು ಕಲಿತೆ! ಬಾರಿಸುವುದನ್ನಲ್ಲ, ಗಾಬರಿ ಬೀಳಬೇಡ. ಅದು ಹೇಗೆ ಕಟ್ಟಿರುತ್ತದೆ ಎಂಬುದನ್ನು. ಕಳೆದ ವರ್ಷ ಒಬ್ಬರು ಸಂಗೀತದ ಮೇಡಂ ಹರಿದ ಪುಸ್ತಕಗಳ ಮೂಟೆ ಹೊತ್ತು ತಂದರು. ಬೈಂಡ್ ಮಾಡಿಕೊಡುತ್ತೇನೆ, ಬದಲಿಗೆ ಇದೊಂದು ಅರ್ಥ ಮಾಡಿಸಿ ಎಂದೆ. ಪ್ರತಿ ಶನಿವಾರ ಸಂಜೆ ಬಂದು ನಿನ್ನ ಪಿಯಾನೊ ಮುಂದೆ ಕೂರುತ್ತಾರೆ. ಹೊಟ್ಟೆ ಉರಿದುಕೊಳ್ಳಬೇಡ, ಅವರಿಗೆ ಅರವತ್ತೆಂಟು, ಬಾಯಿ ತೆರೆದರೆ ಬೈಗುಳ.

ಮೊದಲ ದಿನ ಒಂದು ಸಾಲು ನುಡಿಸಿ, ಕೊನೆಯ ಸ್ವರ ಮುಟ್ಟದೆ ಕೈ ಎತ್ತಿ, ಹೇಗನ್ನಿಸುತ್ತೆ ಅಂದರು. ಒಂದೇ ಕಾಲಿಗೆ ಚಪ್ಪಲಿ ಹಾಕಿ ನಿಂತ ಹಾಗೆ ಅಂದೆ. ‘ನೋಡಿ, ಆ ಇನ್ನೊಂದು ಚಪ್ಪಲಿ ಇರೋ ಕಡೆನೇ ಮನೆ ಶ್ರುತಿ. ನಿಮಗೆ ಕಿವಿ ಇದೆ ರೀ, ಇಷ್ಟು ವರ್ಷ ಅದನ್ನ ಎಲ್ಲಿಟ್ಟಿದ್ರಿ?’ ಅಂದರು.

ಆಮೇಲೆ ಒಂದೊಂದೇ ಬಿಡಿಸಿದರು. ಮೊದಲ ರಾಗ ಮನೆಯ ಶ್ರುತಿಯಲ್ಲಿ. ಅಲ್ಲಿಂದ ಒಂದು ಸೇತುವೆ ಹೊರಗೆ ಕರೆದೊಯ್ಯುತ್ತದೆ, ಎರಡನೆಯ ರಾಗ ಬೇರೊಂದು ಶ್ರುತಿಯಲ್ಲಿ ತನ್ನ ಪಾಡಿಗೆ ಹಾಡಿಕೊಂಡಿರುತ್ತದೆ. ನಡುವಿನ ಭಾಗದಲ್ಲಿ ಎರಡೂ ಚೂರುಚೂರಾಗಿ ಎಲ್ಲೆಲ್ಲೋ ಅಲೆಯುತ್ತವೆ. ಮತ್ತೆ ಮೊದಲ ರಾಗ ಮನೆಗೆ ಬರುತ್ತದೆ. ಇದಿಷ್ಟು ನನ್ನ ತಲೆಗೆ ಹತ್ತಲು ಮಳೆಗಾಲ ಪೂರ್ತಿ ಬೇಕಾಯಿತು. ಆದರೆ ಆಮೇಲಿನದು ಹತ್ತಿದ ದಿನ ನಾನು ಅವರ ಎದುರಿಗೇ ಅತ್ತುಬಿಟ್ಟೆ. ಎರಡನೆಯ ರಾಗವೂ ಈ ಸಲ ಮನೆಯ ಶ್ರುತಿಯಲ್ಲೇ ಬರುತ್ತದೆ. ಅದೇ ಹಾಡು, ಅದೇ ನಡೆ, ಆದರೆ ಇನ್ನು ಹೊರಗೆ ಹೋಗುವುದಿಲ್ಲ.

ನಿನಗೆ ನೆನಪಿದೆಯೇ, ನೀನು ಅಭ್ಯಾಸ ಮಾಡುವಾಗ ಅದನ್ನೇ ಎಷ್ಟು ಸಲ ಬಾರಿಸುತ್ತೀಯ ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ‘ಅದೇ ಅಲ್ಲ ಕಣ್ರೀ ಇದು, ಎಷ್ಟು ಸಲ ಹೇಳಲಿ!’ ಎಂದು ನೀನು ಅಲ್ಲಿಂದ ಕೂಗುತ್ತಿದ್ದೆ. ನಾನು ಕಿವಿ ಮೇಲೆ ಹಾಕಿಕೊಳ್ಳಲೇ ಇಲ್ಲ.

ಅವತ್ತಿನ ವಿಷಯವನ್ನು ನಾವಿಬ್ಬರೂ ಕೂತು ಒಮ್ಮೆಯೂ ನೆಟ್ಟಗೆ ಮಾತಾಡಲಿಲ್ಲ. ಆದ್ದರಿಂದ ಬರೆಯುತ್ತೇನೆ. ನಿನಗೆ ಮೂವತ್ತೊಂಬತ್ತು ನಡೆಯುತ್ತಿತ್ತು. ಸಂಗೀತ ಕಾಲೇಜಿನ ಆಯ್ಕೆಗೆ ಅದು ಕೊನೆಯ ಅವಕಾಶ, ಆಯ್ಕೆಯಾದರೆ ಬೇರೆ ಊರಿನಲ್ಲಿ ಎರಡು ವರ್ಷ. ನಿನ್ನ ಸೊನಾಟಾ ಬಿಡಿ ಝೆರಾಕ್ಸ್ ಹಾಳೆಗಳಲ್ಲಿತ್ತು, ಫ್ಯಾನಿನ ಗಾಳಿಗೆ ಹಾರುತ್ತಿತ್ತು. ಹೆಂಡತಿಗೆ ನನ್ನ ಕೈಯಿಂದ ಏನಾದರೂ ಮಾಡಿಕೊಡೋಣ ಎಂದು ಆಯ್ಕೆಯ ಹಿಂದಿನ ರಾತ್ರಿ ಅದನ್ನು ಬೈಂಡ್ ಮಾಡಲು ಕೂತೆ. ನೀಲಿ ಬಟ್ಟೆಯ ರಟ್ಟು, ಒಳಗೆ ರೇಷ್ಮೆ ದಾರ. ಅಂಥ ಕೆಲಸ ಮತ್ತೆ ಮಾಡಿಲ್ಲ.

ನಾವು ಬೈಂಡಿಂಗಿನವರು ಪುಟ ಓದುವುದಿಲ್ಲ, ಮೇಲಿನ ಸಾಲು ನೋಡಿ ಜೋಡಿಸುತ್ತೇವೆ. ಒಂದೇ ಸಾಲು ಎರಡು ಹಾಳೆಯಲ್ಲಿ ಕಂಡರೆ, ಎರಡು ಸಲ ಅಚ್ಚಾಗಿದೆ ಎಂದು ಒಂದನ್ನು ತೆಗೆದು ಕಸದ ಬುಟ್ಟಿಗೆ ಹಾಕುತ್ತೇವೆ. ಮೂವತ್ತು ವರ್ಷದ ಅಭ್ಯಾಸ ಅದು. ನಿನ್ನ ಸೊನಾಟಾದ ಮೊದಲ ಪುಟ ನಿಧಾನದ ಪೀಠಿಕೆ, ಮೊದಲ ರಾಗ ಶುರುವಾಗುವುದು ಎರಡನೆಯ ಪುಟದಿಂದ. ಅದು ಮನೆಗೆ ಮರಳುವುದು ಒಂಬತ್ತನೆಯ ಪುಟದ ತಲೆಯಲ್ಲಿ. ಎರಡು ಪುಟದ ಮೇಲಿನ ಸಾಲೂ ಅಚ್ಚೊತ್ತಿದ ಹಾಗೆ ಒಂದೇ. ಪುಟದ ಸಂಖ್ಯೆ ಝೆರಾಕ್ಸಿನಲ್ಲಿ ಅಂಚಿಗೆ ಹೋಗಿ ಬಿದ್ದೇ ಇರಲಿಲ್ಲ. ಝೆರಾಕ್ಸ್ ಅಂಗಡಿಯವನು ಒಂದು ಹೆಚ್ಚು ತೆಗೆದಿದ್ದಾನೆ ಅಂದುಕೊಂಡೆ.

ಬೇರೆ ಯಾವ ಪುಟ ಹೋಗಿದ್ದರೂ ನಿನ್ನ ಬೆರಳು ದಾಟಿಸುತ್ತಿದ್ದವು. ‘ಎಲ್ಲಾ ಕೈಯಲ್ಲೇ ಇದೆ, ಆ ಒಂದು ಪುಟ ಮಾತ್ರ ನನ್ನ ಕಣ್ಣೆದುರಿಗೆ ಇರಬೇಕು’ ಅನ್ನುತ್ತಿದ್ದೆಯಲ್ಲ, ಯಾಕೆಂದು ಈಗ ಮೇಡಂ ತೋರಿಸಿದರು. ಆ ಪುಟದ ಕೆಳಗೇ ಸೇತುವೆ ಬದಲಾಗುತ್ತದೆ. ಮೊದಲ ಸಲದ ಹಾಗೇ ಹೊರಟು, ಸದ್ದಿಲ್ಲದೆ ಒಂದು ತಿರುವು ತೆಗೆದುಕೊಂಡು, ಎರಡನೆಯ ರಾಗವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತದೆ. ‘ಎಂಥೆಂಥವರೋ ಇಲ್ಲಿ ತಪ್ಪಿ ಹಳೇ ದಾರಿಗೆ ಬಿದ್ದುಬಿಡ್ತಾರೆ’ ಅಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಆಯ್ಕೆಯ ದಿನ ನೀನೂ ಹಾಗೆಯೇ ಹಳೇ ದಾರಿಗೆ ಬಿದ್ದೆ. ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ಪುಟ ತಿರುಗಿಸಿದೆ, ಎಂಟರಿಂದ ನೇರ ಹತ್ತು. ಕತ್ತು ಮುಂದೆ ಚಾಚಿ ನೋಡಿದೆ. ಬೆರಳು ನಿಲ್ಲಲಿಲ್ಲ, ಅವು ಹಳೆಯ ದಾರಿ ಹಿಡಿದು ಹೊರಟೇಹೋದವು. ಎರಡನೆಯ ರಾಗ ಹೊರಗಿನ ಶ್ರುತಿಯಲ್ಲಿ ಬಂತು. ಆಗ ನಿಲ್ಲಿಸಿದೆ. ಮೂವರು ಪರೀಕ್ಷಕರಲ್ಲಿ ಒಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀನು ಪುಸ್ತಕ ಮುಚ್ಚಿ, ಕ್ಷಮಿಸಿ ಎಂದು ಎದ್ದು ಬಂದೆ.

ಮನೆಗೆ ಬಂದ ಮೇಲೆ ನೀನು ಒಂದೇ ಮಾತು ಕೇಳಿದೆ. ‘ಬೇಕಂತಲೇ ಮಾಡಿದ್ರಾ?’ ನಾನು ರೇಗಿ, ಈ ಕೈಯಾಣೆ ಇಲ್ಲ ಅಂದೆ. ನಿನ್ನ ಅಕ್ಕನೂ ಬಂದು ನನ್ನ ಎದುರಿಗೇ ನಿನ್ನನ್ನು ಬೈದರು. ‘ರೇಷ್ಮೆ ದಾರ ಹಾಕಿ ಹೊಲಿದುಕೊಟ್ಟಿದ್ದಾನೆ, ಅಂಥವನ ಮೇಲೆ ಗೂಬೆ ಕೂರಿಸ್ತೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?’ ಎಲ್ಲರೂ ನನ್ನ ಕಡೆ. ಮೂರನೆಯ ದಿನ ನೀನೇ ಬಂದು ತಪ್ಪಾಯಿತು ಅಂದೆ, ನಾನು ದೊಡ್ಡ ಮನಸ್ಸು ಮಾಡಿದವನ ಹಾಗೆ ತಲೆಯಾಡಿಸಿದೆ. ಪಿಯಾನೊದ ಮುಚ್ಚಳ ನೀನು ಮತ್ತೆ ತೆರೆಯಲಿಲ್ಲ. ಏಳು ವಾರಕ್ಕೆ, ನಿಮ್ಮ ಮುಖ ನೋಡಲು ಆಗುತ್ತಿಲ್ಲ ಎಂದು ಅಕ್ಕನ ಮನೆಗೆ ಹೊರಟುಹೋದೆ.

ಆದದ್ದು ಆಯಿತು. ತಿಳಿಯದವನ ಕೈಯಿಂದ ಆದ ತಪ್ಪು ಎಂದು ನೀನೂ ಒಪ್ಪಿದ್ದೀಯ. ಈಗ ನಮಗೆ ವಯಸ್ಸಾಯಿತು, ಒಬ್ಬೊಬ್ಬರೇ ಊಟ ಮಾಡಿ ಸಾಕಾಗಿದೆ. ನೀನು ಬರುವುದಾದರೆ ಕಿಟಕಿಯ ಪರದೆ ಒಗೆಸಿಡುತ್ತೇನೆ. ನೀನು ಕೇಳಿದ ಒಂದು ಸಾಲು ಇದು. ಬಾ.

ನಿನ್ನ,
ಗೋಂದಪ್ಪ

ತಾ.ಕ.: ಸಂಖ್ಯೆ ಕಾಣುತ್ತಿತ್ತು.

ಮೇಲಿನದನ್ನು ಬರೆದು ಮಡಚಿ ಲಕೋಟೆಗೆ ಹಾಕಿದೆ. ಅಂಟಿಸಲು ಕೈ ಬರಲಿಲ್ಲ. ಈ ಹಾಳೆಯನ್ನು ಹರಿಯುವುದಿಲ್ಲ. ನಾನು ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನೆ ಎಂಬುದನ್ನೂ ನೀನು ಓದಬೇಕು.

ಹಾಳೆಯನ್ನು ಮೊದಲು ತೆಗೆದದ್ದು ತಿಳಿಯದೆಯೇ, ಅಷ್ಟು ನಿಜ. ಆಯ್ಕೆಯ ದಿನ ಬೆಳಿಗ್ಗೆ ಬುಟ್ಟಿ ಖಾಲಿ ಮಾಡಲು ಹೋದಾಗ ಅದು ಮೇಲೇ ಇತ್ತು. ಕೆಳಗಿನ ಮೂಲೆಯಲ್ಲಿ ಒಂಬತ್ತು ಎಂದು ಸ್ಪಷ್ಟವಾಗಿ ಬಿದ್ದಿತ್ತು. ಪುಸ್ತಕ ತೆಗೆದು ನೋಡಿದೆ, ಎಂಟಾದ ಮೇಲೆ ಹತ್ತು. ಅಂಕಿ ಓದಲು ಸಂಗೀತ ಬರಬೇಕಿಲ್ಲ. ನೀನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ. ಆ ಒಂದು ಪುಟ ಯಾವುದೆಂದು ನನಗೆ ಗೊತ್ತಿರಲಿಲ್ಲ, ಆದರೆ ಪುಟ ಇಲ್ಲದಿದ್ದರೆ ನೀನು ಎಡವುತ್ತೀಯ, ಎಡವಿದರೆ ಮನೆಯಲ್ಲೇ ಇರುತ್ತೀಯ ಎಂಬುದು ಗೊತ್ತಿತ್ತು. ಎರಡು ವರ್ಷ ನೀನಿಲ್ಲದೆ ಇರಲು ನನಗೆ ಹೆದರಿಕೆ ಆಯಿತು ಕಣೇ. ಹಾಳೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೇ ಹಾಕಿದೆ. ನೀನು ಹೊರಗೆ ಬಂದು, ‘ರೀ, ಎಲ್ಲಾ ಪುಟ ಸರಿಯಾಗಿದೆ ತಾನೇ?’ ಅಂತ ಕೇಳಿದೆ. ಒಂದಲ್ಲ, ಎರಡು ಸಲ ನೋಡಿದ್ದೇನೆ ಅಂದೆ.

ಸೊನಾಟಾ ಕಲಿಯಲು ಹೋದದ್ದು ನಿನ್ನಿಂದ ಏನು ಕಿತ್ತುಕೊಂಡೆ ಎಂದು ತಿಳಿಯಲಿಕ್ಕೆ. ತಿಳಿಯಿತು.

ಇದನ್ನೇ ಬರೆದು ಅಕ್ಕನಿಗೂ ಬೇರೆ ಕವರಿನಲ್ಲಿ ಹಾಕುತ್ತಿದ್ದೇನೆ. ನಾಳೆ ಎರಡನ್ನೂ ಒಟ್ಟಿಗೆ ಅಂಚೆಗೆ ಕೊಡುತ್ತೇನೆ. ಪರದೆ ಒಗೆಸುವುದಿಲ್ಲ. ನೀನು ಬರಬೇಕೆಂದು ಕೇಳುವ ಮುಖ ನನಗಿಲ್ಲ. ಹನ್ನೊಂದು ವರ್ಷ ನೀನು ಯಾವ ಅನುಮಾನಕ್ಕೆ ನಿನ್ನನ್ನೇ ಬೈದುಕೊಂಡೆಯೋ, ಅದು ಅನುಮಾನವಲ್ಲ. ಅವತ್ತು ಮನೆಗೆ ಬಂದು ನೀನು ಕೇಳಿದ್ದಕ್ಕೆ ಉತ್ತರ ಹೌದು.