ತುಂಬಿದ ಉಡಿಯನ್ನು ಬರಿದು ಮಾಡಿದವರಿಗೆ

ಬಸುರಿಯರ ಪೌಷ್ಟಿಕ ಆಹಾರದ ಹೊಣೆ ಹೊತ್ತ ಅಧಿಕಾರಿಗಳೇ,

ತುಂಬಿದ ಉಡಿಯಿಂದ ವಾಪಸ್ ತೆಗೆದುಕೊಳ್ಳುವುದನ್ನು ನಿಮಗೆ ಯಾವ ತಾಯಿ ಕಲಿಸಿದಳು? ನಮ್ಮ ಕಡೆ ವೈರಿಯ ಮನೆಯ ಹೆಣ್ಣುಮಗಳಿಗೂ ಉಡಿ ತುಂಬಿದ ಮೇಲೆ ಒಂದು ಅಕ್ಕಿಕಾಳನ್ನು ಹಿಂದಕ್ಕೆ ತೆಗೆಯುವುದಿಲ್ಲ. ನೀವು ಸಾಮೂಹಿಕ ಸೀಮಂತದ ದಿನ, ಮೈಕಿನಲ್ಲಿ ಸೋಬಾನೆ ಹಾಡಿಸುತ್ತ, ಅದನ್ನೇ ಮಾಡಿದಿರಿ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ನನ್ನ ತಂಗಿಯ ಮಗಳು ರೂಪಾ ಪಾಮನಕಲ್ಲೂರಿನವಳು. ಆಗ ಅವಳಿಗೆ ಏಳು ತಿಂಗಳು. ಅವಳ ಉಡಿಗೆ ತತ್ತಿ, ಶೇಂಗಾ ಚಿಕ್ಕಿ, ಒಣಕೊಬ್ಬರಿ, ಖರ್ಜೂರ ಹಾಕಿ ತಲೆಯ ಮೇಲೆ ಕೈಯಿಟ್ಟು ಹರಸಿದಿರಿ. ಫೋಟೋ ಆಯಿತು. ವೇದಿಕೆ ಇಳಿಯುವಲ್ಲಿ ನಿಮ್ಮ ಸಿಬ್ಬಂದಿ ಬುಟ್ಟಿ ಹಿಡಿದು ನಿಂತಿದ್ದರು. "ಇದರಾಗ ಸುರುವಿ ಹೋಗವ್ವ, ಹಿಂದಿನ ಸಾಲಿನವರಿಗೆ ಬೇಕು." ಒಂದು ತತ್ತಿಯನ್ನಾದರೂ ಇಟ್ಟುಕೊಳ್ಳಲೇ ಎಂದು ರೂಪಾ ಕೇಳಿದಳು. ಲೆಕ್ಕ ತಪ್ಪುತ್ತದೆ ಎಂದರು. ಅವಳು ಸೆರಗು ಝಾಡಿಸಿಕೊಂಡು ಬಂದು ನನ್ನ ಪಕ್ಕ ಕೂತಳು. ಥೂ ನಿಮ್ಮ ಸೀಮಂತಕ್ಕೆ!

ಉಳಿದ ದಿನಗಳ ಕಥೆಯೇನು? ನಿಮ್ಮ ಬಿಸಿಯೂಟವನ್ನು ಅಂಗನವಾಡಿ ಕೇಂದ್ರದಲ್ಲೇ ಕೂತು ಉಣ್ಣಬೇಕಂತೆ, ಮನೆಗೆ ಒಯ್ಯುವಂತಿಲ್ಲವಂತೆ. ಬೆಳಕು ಹರಿಯುವ ಮೊದಲೇ ಟಂಟಂ ಹತ್ತಿ ವಳಕಮದಿನ್ನಿಗೆ ಭತ್ತದ ನಾಟಿಗೆ ಹೋಗುವವಳು ಮಧ್ಯಾಹ್ನ ನಿಮ್ಮ ಕೇಂದ್ರಕ್ಕೆ ಹಾರಿ ಬರಬೇಕೇ? ಊರೂರಿಗೆ ಅಕ್ಕಿ ಕಳಿಸುವ ಗದ್ದೆಯಲ್ಲಿ ಬಗ್ಗಿ ದುಡಿದ ಬಸುರಿ ರೂಪಾ ರೊಟ್ಟಿ, ಖಾರದಲ್ಲಿ ದಿನ ನೂಕಿದಳು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದಿದ್ದೇ ಅವಳ ಪಾಲು. ಅತ್ತೆ ಕೆಟ್ಟವಳಲ್ಲ, ಗಡಿಗೆಯಲ್ಲೇ ಇರಲಿಲ್ಲ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟಿದೆ, ಅಳಲೂ ಶಕ್ತಿಯಿಲ್ಲ. ತಾಯಿಗೆ ಮೈಯಲ್ಲಿ ರಕ್ತವೇ ಇಲ್ಲ, ಮೊದಲು ಅವಳು ಹೊಟ್ಟೆತುಂಬ ಉಣ್ಣಲಿ ಎಂದರು ಡಾಕ್ಟರು. ಒಂದು ತತ್ತಿಯಿಂದ ಎಲ್ಲ ಸರಿಯಾಗುತ್ತಿತ್ತು ಎನ್ನುವಷ್ಟು ದಡ್ಡಿಯಲ್ಲ ನಾನು. ಆದರೆ ಕೈಗೆ ಬಂದ ತತ್ತಿಯನ್ನು ಅವಳು ಬುಟ್ಟಿಗೆ ಹಾಕಿದ್ದನ್ನು ನಾನು ಮರೆತಿಲ್ಲ. ಮೊನ್ನೆ ನನ್ನ ಖಾನಾವಳಿಯಿಂದ ಕುದಿಸಿದ ತತ್ತಿ ಆಸ್ಪತ್ರೆಗೆ ಒಯ್ದು ಅವಳ ಉಡಿಯಲ್ಲಿಟ್ಟೆ. ಮುಟ್ಟಲಿಲ್ಲ. ನನ್ನ ಮುಖ ನೋಡಿದಳು.

"ದೊಡ್ಡವ್ವ, ಇವು ತಿನ್ನಾಕೇನು, ಮತ್ತ ತಿರುಗಿ ಕೊಡಬೇಕೇನು?"

ಕೂಸು ಇನ್ನೂ ಉಸಿರಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಸುರಿ, ಬಾಣಂತಿಯರ ಪಾಲು ಅವರ ಮನೆಗೆ ಮುಟ್ಟಬೇಕು. ಕೂಲಿಗೆ ಹೋಗುವವಳಿಗೆ ಬುತ್ತಿ ಕಟ್ಟಿಕೊಡಬೇಕು. ಕಚೇರಿಯ ಗೋಡೆಗೆ ತೂಗುಹಾಕಿದ ಆ ಸೀಮಂತದ ಫೋಟೋ ಇಳಿಸಿ, ರೂಪಾ ಇರುವಲ್ಲಿಗೆ ಬಂದು ಅವಳ ಉಡಿ ತುಂಬಿರಿ. ಹೋಗುವಾಗ ಬುಟ್ಟಿಯನ್ನೂ ಅಲ್ಲೇ ಬಿಟ್ಟು ಹೋಗಿ.

ಇಂತಿ,
ಉಡಿ ತುಂಬುವುದನ್ನಷ್ಟೇ ಕಲಿತ,
ಖಾನಾವಳಿ ಬಸ್ಸಮ್ಮ
ಸಿಂಧನೂರು