ಅಪ್ಪನ ರಜಾ ಅರ್ಜಿ

ಅಣ್ಣಾ,

ಬಾದಾಮಿಯಿಂದ ಬಂದ ಕೂಡಲೇ ಕೈಕಾಲು ತೊಳೆದು ಒಂದು ರಜಾ ಅರ್ಜಿ ಬರೆ. ಅಪ್ಪನಿಗೆ ಬೇಕು.

ನೆರೆ ಬಂದು ಹೊಳೆ ನಮ್ಮ ಎಮ್ಮೆಯನ್ನು ಒಯ್ದ ಮೇಲೆ ಆತ ನಿರಾಶ್ರಿತರನ್ನು ಇಟ್ಟಿರುವ ಶಾಲೆಯಲ್ಲಿ ನಾಲ್ಕು ದಿನ ಗೋಡೆಗೆ ಮುಖ ಮಾಡಿ ಕೂತಿದ್ದನಲ್ಲ, ತುತ್ತಿಲ್ಲ, ಮಾತಿಲ್ಲ. ನಿನ್ನೆ ಮಾಸ್ತರರು ಮುದುಕರ ಬೇಸರ ಕಳೆಯಲೆಂದು ಶಾಲೆ ಹುಡುಗರಿಗೆ ಕರೆದಂತೆ ಹಾಜರಿ ಕರೆದರು. "ಕಾಶಪ್ಪ ಈರಪ್ಪ!" ಅಂದದ್ದೇ ತಡ, ಅಪ್ಪ ಎದ್ದು ನಿಂತು "ಹಾಜರ್ ರೀ ಸರ!" ಅಂದ. ಆಮೇಲೆ ಎಮ್ಮೆಯನ್ನು ನೆನೆದು ಅತ್ತ, ಎರಡು ರೊಟ್ಟಿ ತಿಂದ.

ಮನೆ ಒಣಗಿದೆ ಬಾ ಅಂದರೆ, "ಸೂಟಿ ಕೇಳದ ಹ್ಯಾಂಗ ಬರ್ಲೆವ್ವಾ? ಮಾಸ್ತರ ಬೈತಾರ" ಅನ್ನುತ್ತಾನೆ.

ನಗಬೇಡ. ಪಾಲಕರ ಸಹಿ ನೀನೇ ಮಾಡಬೇಕಂತೆ. ಕಾರಣ ಜ್ವರ ಅಂತ ಬರೆಯಬೇಡ. ಆತನಿಲ್ಲದೆ ಮನೆ ನಡೆಯುವುದಿಲ್ಲ ಅಂತ ಬರೆ. ಮಾಸ್ತರರು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ.

ಗುರುಲಿಂಗವ್ವ